ಸತ್ಯಾಣುವ್ರತವೂ ಅಂತರಜಾಲದ ಶೋಧವೂ

ಸತ್ಯಾಣುವ್ರತಕ್ಕೆ ಹೇಳಿರುವ ಅತಿಚಾರಗಳಲ್ಲಿ ಎರಡು ಮೊದಲ ನೋಟಕ್ಕೆ ಸೋಜಿಗವನ್ನುಂಟುಮಾಡುತ್ತವೆ. ಒಂದು ರಹೋಭ್ಯಾಖ್ಯಾನ, ಅಂದರೆ ಏಕಾಂತದಲ್ಲಿ ನಡೆದುದನ್ನು ಹೊರಗೆ ಹೇಳುವುದು. ಇನ್ನೊಂದು ಸಾಕಾರಮಂತ್ರಭೇದ, ಅಂದರೆ ಒಬ್ಬರ ಮುಖಚರ್ಯೆ, ಹುಬ್ಬಿನ ಚಲನೆ, ಸಂದರ್ಭ ಇವುಗಳಿಂದ ಅವರ ಮನಸ್ಸಿನಲ್ಲಿರುವುದನ್ನು ಊಹಿಸಿ ತಿಳಿದುಕೊಂಡು ಬಯಲು ಮಾಡುವುದು. ಈ ಎರಡರಲ್ಲಿಯೂ ಹೇಳಿದ ಮಾತು ಸುಳ್ಳಾಗಿರಬೇಕೆಂಬ ನಿಯಮವಿಲ್ಲ. ಅದು ಅಕ್ಷರಶಃ ನಿಜವಾಗಿರಬಹುದು. ಆದರೂ ಅದು ಸತ್ಯವ್ರತಕ್ಕೆ ಕಳಂಕವೆಂದು ಪೂರ್ವಾಚಾರ್ಯರು ಎಣಿಸಿದರು. ತತ್ತ್ವಾರ್ಥಸೂತ್ರಕ್ಕೆ 'ಸರ್ವಾರ್ಥಸಿದ್ಧಿ' ಎಂಬ ವೃತ್ತಿಯನ್ನು ಬರೆದ ಪೂಜ್ಯಪಾದರು ಇಂತಹ ಬಯಲುಮಾಡುವಿಕೆಯ ಹಿಂದೆ ಅಸೂಯೆ ಮೊದಲಾದ ಭಾವಗಳಿರುವುದನ್ನು ಗುರುತಿಸಿದ್ದಾರೆ. ಆ ಪೂಜ್ಯಪಾದರು ತಪಸ್ಸು ಮಾಡಿದ ಸ್ಥಳವೆಂದು ನಮ್ಮ ಜನ ನಂಬಿಕೊಂಡು ಬಂದಿರುವ ಕನಕಗಿರಿಯು ಚಾಮರಾಜನಗರ ಜಿಲ್ಲೆಯ ಮಲೆಯೂರಿನಲ್ಲಿದೆ. ಅಲ್ಲಿಗೆ ಯಾತ್ರೆ ಹೋಗುವವರ ಕೈಯಲ್ಲಿಯೂ ಇಂದು ಮೊಬೈಲ್ ಇರುತ್ತದೆ. ದಾರಿ ಯಾವುದು, ಊಟದ ವ್ಯವಸ್ಥೆ ಉಂಟೇ ಎಂಬುದನ್ನು ಅವರು ಅದರಲ್ಲಿಯೇ ಹುಡುಕುತ್ತಾರೆ. ಆದುದರಿಂದ ಈ ಎರಡು ಅತಿಚಾರಗಳು ನಮ್ಮ ಕಾಲದಲ್ಲಿ ಯಾವ ರೂಪವನ್ನು ತಾಳಿವೆ ಎಂಬುದು ವಿಚಾರಣೀಯವಾಗಿದೆ.

ಗುಂಡ್ಲುಪೇಟೆ ತಾಲ್ಲೂಕಿನ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಮನೆಯಲ್ಲಿ ಎಲ್ಲರೂ ಬಳಸುವ ಒಂದೇ ಮೊಬೈಲ್ ಇದೆ. ತಾಯಿಗೆ ಎದೆಯಲ್ಲಿ ಗಂಟೊಂದು ಕೈಗೆ ತಗುಲಿದೆ. ಯಜಮಾನರಿಗೆ ಹೇಳಿಲ್ಲ, ಮಗಳಿಗೂ ಹೇಳಿಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ ಆಕೆ ಅದರ ಲಕ್ಷಣಗಳನ್ನು ಗೂಗಲ್‌ನಲ್ಲಿ ಹುಡುಕುತ್ತಾರೆ. ಅರಿಸಿನದ ಬೆಳೆಗೆಂದು ಮಾಡಿದ ಸಾಲವನ್ನು ತೀರಿಸಲಾಗದಿದ್ದರೆ ಬ್ಯಾಂಕು ಜಮೀನನ್ನು ಏನು ಮಾಡೀತು ಎಂದು ಹಿರಿಯ ಮಗ ಹುಡುಕುತ್ತಾನೆ. ತವರಿಗೆ ಬಂದು ಮೂರು ತಿಂಗಳಾದ ಮಗಳು ವಿವಾಹ ವಿಚ್ಛೇದನದ ಕಾನೂನನ್ನು ಹುಡುಕುತ್ತಾಳೆ. ಒಂದೇ ಸೂರಿನ ಕೆಳಗಿರುವ ಮೂವರು ಪರಸ್ಪರ ಹೇಳಿಕೊಳ್ಳದ ಮಾತನ್ನು ಒಂದೇ ಪೆಟ್ಟಿಗೆಯಲ್ಲಿ ಹಾಕಿದ್ದಾರೆ. ಮರುದಿನ ಮನೆಯ ಹುಡುಗ ಕ್ರಿಕೆಟ್ ಸ್ಕೋರ್ ನೋಡಲೆಂದು ಅದೇ ಪೆಟ್ಟಿಗೆಯನ್ನು ಮುಟ್ಟಿದರೆ ಹಿಂದಿನ ರಾತ್ರಿಯ ಪದಗಳು ತಾವಾಗಿಯೇ ಕೆಳಗೆ ಸಾಲುಗಟ್ಟಿ ನಿಲ್ಲುತ್ತವೆ. ಮನೆಯೊಳಗಿನ ಮಾತಾಯಿತು ಇದು. ಮನೆಯ ಹೊರಗೆ ನಡೆಯುವುದು ಕಣ್ಣಿಗೆ ಕಾಣುವುದಿಲ್ಲ.

ಅದನ್ನು ತಿಳಿಯಲು ಅದೇ ತಾಲ್ಲೂಕಿನ ಮದ್ದೂರಿಗೆ ಹೋಗೋಣ. ಮದ್ದೂರೆಂದರೆ ವಡೆಯ ಮದ್ದೂರಲ್ಲ, ಅದು ಮಂಡ್ಯ ಜಿಲ್ಲೆಯದು. ನಾನು ಹೇಳುತ್ತಿರುವುದು ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ ಹೋಗುವ ಹೆದ್ದಾರಿಯಲ್ಲಿ, ಬಂಡೀಪುರದ ಕಾಡಿನ ಅಂಚಿನಲ್ಲಿ ಚೆಕ್‌ಪೋಸ್ಟ್ ಇರುವ ಮದ್ದೂರು. ವಯನಾಡಿನ ಕನ್ನಡ ಮಾತಾಡುವ ಜೈನ ಮನೆತನಗಳಿಗೂ ಮೈಸೂರು ಸೀಮೆಯ ಬಂಧುಗಳಿಗೂ ನಡುವೆ ಓಡಾಟದ ದಾರಿ ಇದೇ. 2009ರಿಂದ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಇಲ್ಲಿ ಸಾಮಾನ್ಯ ವಾಹನಗಳನ್ನು ಬಿಡುವುದಿಲ್ಲ. ಹಗಲಿನಲ್ಲಿ ತಡೆದು ತಪಾಸಣೆ ಮಾಡಿದರೂ ನಾವು ಬೇಸರಪಟ್ಟುಕೊಳ್ಳುವುದಿಲ್ಲ. ಕಾರಣವೇನು? ಕೇಳುವವನು ನಮ್ಮ ಎದುರಿಗೇ ನಿಂತಿದ್ದಾನೆ. ಏಕೆ ಕೇಳುತ್ತಾನೆಂಬುದು ನಮಗೆ ಗೊತ್ತು, ಕಾಡಿನ ಪ್ರಾಣಿಗಳ ರಕ್ಷಣೆಗಾಗಿ. ವಾಹನ ದಾಟಿತೆಂಬುದಷ್ಟೇ ಅವನಿಗೆ ತಿಳಿಯುತ್ತದೆ, ವಾಹನದೊಳಗೆ ಗಂಡ ಹೆಂಡತಿ ಏನು ಮಾತಾಡಿಕೊಂಡರೆಂಬುದು ತಿಳಿಯುವುದಿಲ್ಲ. ಈಗ ಬೇರೊಂದು ಬಗೆಯ ಕಾವಲುಗಾರನನ್ನು ಕಲ್ಪಿಸಿಕೊಳ್ಳಿ. ಆತ ಕಣ್ಣಿಗೆ ಕಾಣುವುದಿಲ್ಲ. ಮನೆಯಿಂದ ಹೊರಟಾಗಿನಿಂದ ವಾಹನದ ಹಿಂದಿನ ಆಸನದಲ್ಲಿ ಕುಳಿತಿರುತ್ತಾನೆ. ಕೇಳಿದ ಪ್ರತಿಯೊಂದು ಪ್ರಶ್ನೆಯನ್ನೂ ಗಂಟೆ ನಿಮಿಷ ಸಹಿತವಾಗಿ ಬರೆದುಕೊಳ್ಳುತ್ತಾನೆ. ಬತ್ತೇರಿಯಲ್ಲಿ ಇಳಿದವರು ಬಸದಿಗೆ ಹೋದರೋ ಆಸ್ಪತ್ರೆಗೆ ಹೋದರೋ ಎಂಬುದನ್ನೂ ಸೇರಿಸಿಕೊಳ್ಳುತ್ತಾನೆ. ದಾರಿ ತೋರಿಸಿದ್ದಕ್ಕೆ ನಮ್ಮಿಂದ ಕಾಸು ಕೇಳುವುದಿಲ್ಲ. ಆ ಪುಸ್ತಕದ ಬಲದಿಂದ ಜಾಹೀರಾತುದಾರರಿಂದ ಹಣ ಸಂಪಾದಿಸುತ್ತಾನೆ.

ಸರ್ಚ್ ಎಂಜಿನ್ ಎಂಬ ಶೋಧಯಂತ್ರದ ವ್ಯವಹಾರ ಹೆಚ್ಚುಕಡಿಮೆ ಹೀಗೆಯೇ ಇದೆ. ನಾವು ಒಂದು ಪದವನ್ನು ಹುಡುಕಿದಾಗ ಆ ಪದದೊಡನೆ ನಮ್ಮ ಸಂಪರ್ಕದ ಗುರುತುಸಂಖ್ಯೆ, ವೇಳೆ, ಮೊಬೈಲ್‌ನ ಮಾದರಿ, ಸುಮಾರಾಗಿ ನಾವಿರುವ ಸ್ಥಳ ಇವು ಸಹ ಹೋಗುತ್ತವೆ. ಹಿಂದಿನ ಸಲ ಬಂದವರೂ ನಾವೇ ಎಂದು ಗುರುತು ಹಿಡಿಯಲು 'ಕುಕಿ' ಎಂಬ ಸಣ್ಣ ಚೀಟಿಯನ್ನು ನಮ್ಮ ಯಂತ್ರದಲ್ಲಿಯೇ ಇಟ್ಟಿರುತ್ತಾರೆ. ಗೂಗಲ್ ಖಾತೆಯ ಮೂಲಕ ಒಳಹೊಕ್ಕಿದ್ದರಂತೂ, ನಾವೇ ನಿಲ್ಲಿಸದ ಹೊರತು, ಪ್ರಶ್ನೆಗಳೆಲ್ಲ ನಮ್ಮ ಹೆಸರಿನ ಖಾತೆಯಲ್ಲಿಯೇ ಜಮೆಯಾಗುತ್ತವೆ. ಇತ್ತೀಚಿನ ವರ್ಷಗಳಲ್ಲಿ ಜನ ಪದಗಳನ್ನು ಹುಡುಕುವುದನ್ನು ಬಿಟ್ಟು ಕೃತಕ ಬುದ್ಧಿಮತ್ತೆಯ ಯಂತ್ರಗಳೊಡನೆ ಇಡೀ ಕಥೆಯನ್ನೇ ಹೇಳಿಕೊಳ್ಳತೊಡಗಿದ್ದಾರೆ. ಹುಡುಕುವ ಪೆಟ್ಟಿಗೆಗೆ ನಾಲ್ಕು ಪದ ಹೋಗುತ್ತಿದ್ದಲ್ಲಿ ಇವಕ್ಕೆ ನಾಲ್ಕು ಪುಟ ಹೋಗುತ್ತದೆ.

ಹೆಸರನ್ನು ತೆಗೆದುಹಾಕಿದರೆ ದೋಷವಿಲ್ಲವಲ್ಲ ಎಂದು ಕೆಲವರು ಹೇಳುವುದುಂಟು. ಅದಕ್ಕೆ ಉತ್ತರ 2006ರ ಆಗಸ್ಟ್ ತಿಂಗಳಲ್ಲಿಯೇ ಸಿಕ್ಕಿತು. ಅಮೆರಿಕದ ಎಓಎಲ್ ಎಂಬ ಸಂಸ್ಥೆ ಸಂಶೋಧಕರ ಉಪಯೋಗಕ್ಕೆಂದು ಸುಮಾರು 6.5 ಲಕ್ಷ ಬಳಕೆದಾರರ 2 ಕೋಟಿಯಷ್ಟು ಶೋಧಪದಗಳನ್ನು ಬಹಿರಂಗವಾಗಿ ಬಿಡುಗಡೆ ಮಾಡಿತು. ಹೆಸರುಗಳಿರಲಿಲ್ಲ, ಪ್ರತಿಯೊಬ್ಬರಿಗೂ ಒಂದು ಸಂಖ್ಯೆಯನ್ನು ಕೊಟ್ಟಿದ್ದರು. ಕೆಲವೇ ದಿನಗಳಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ವರದಿಗಾರರು ಒಂದು ಸಂಖ್ಯೆಯ ಹಿಂದಿದ್ದ ಮನುಷ್ಯರನ್ನು ಹುಡುಕಿಕೊಂಡು ಮನೆ ಬಾಗಿಲಿಗೆ ಹೋದರು. ಆಕೆ ಜಾರ್ಜಿಯ ರಾಜ್ಯದ 62 ವರ್ಷದ ವಿಧವೆ. ತನ್ನ ಊರಿನ ತೋಟಗಾರಿಕೆ, ತನ್ನ ಅಡ್ಡಹೆಸರಿನವರು, ಸಾಕಿದ ನಾಯಿಯ ಉಪದ್ರವ ಹೀಗೆ ಆಕೆ ಹುಡುಕಿದ್ದ ಚಿಕ್ಕಪುಟ್ಟ ಪದಗಳೇ ಸೇರಿ ವಿಳಾಸವನ್ನು ಹೇಳಿಬಿಟ್ಟಿದ್ದವು. ಹುಬ್ಬಿನ ಚಲನೆಯಿಂದ ಮನಸ್ಸನ್ನು ಓದುವುದೆಂದರೆ ಇದೇ ಅಲ್ಲವೇ? ಒಂದೊಂದು ಪದವೂ ಒಂದೊಂದು ಇಂಗಿತ; ಇಂಗಿತಗಳನ್ನು ಕೂಡಿಸಿದರೆ ಮಂತ್ರಭೇದ.

ಆ ಪ್ರಕರಣದಲ್ಲಿ ಇನ್ನೂ ಒಂದು ಸಂಗತಿಯುಂಟು. ಆ ವೃದ್ಧೆಯ ಶೋಧಪಟ್ಟಿಯಲ್ಲಿ ಕೈ ನಡುಕ, ಮಾನಸಿಕ ಕಾಯಿಲೆ ಮೊದಲಾದ ರೋಗಗಳ ಹೆಸರುಗಳು ಬಹಳವಾಗಿದ್ದವು. ಯಾರಾದರೂ ಓದಿದರೆ ಆಕೆ ರೋಗಗಳ ಗೂಡು ಎಂದುಕೊಳ್ಳಬೇಕು. ನಿಜವೇನೆಂದರೆ, ಗೆಳತಿಯರ ಕಾಯಿಲೆಗಳ ಬಗ್ಗೆ ತಿಳಿದುಕೊಂಡು ಅವರಿಗೆ ಧೈರ್ಯ ಹೇಳುವುದು ಆಕೆಯ ಅಭ್ಯಾಸ. ಅಂದರೆ ಕರುಣೆಯ ಲಕ್ಷಣವೊಂದು ಪಟ್ಟಿಯಲ್ಲಿ ರೋಗದ ಲಕ್ಷಣವಾಗಿ ಕಂಡಿತು. ವಸ್ತುವನ್ನು ಒಂದೇ ನಯದಿಂದ ನೋಡಿ ಅದೇ ಪೂರ್ಣಸತ್ಯವೆನ್ನುವುದು ಏಕಾಂತವಾದವೆಂದು ನಾವು ಎಷ್ಟು ಸಲ ಉಪನ್ಯಾಸಗಳಲ್ಲಿ ಕೇಳಿಲ್ಲ! ಶೋಧಪಟ್ಟಿಗಿಂತ ದೊಡ್ಡ ಏಕಾಂತವಾದಿ ಬೇರೊಬ್ಬನಿಲ್ಲ. ಯಂತ್ರದ ಮಾತೆಂದರೆ ಸರ್ವಜ್ಞನ ಮಾತೆಂದು ತಿಳಿಯುವವರು 2021ರ ಜೂನ್ ತಿಂಗಳನ್ನು ನೆನೆಯಬಹುದು. ಭಾರತದ ಅತ್ಯಂತ ಕುರೂಪ ಭಾಷೆ ಯಾವುದೆಂಬ ಪ್ರಶ್ನೆಗೆ ಗೂಗಲ್ ನಮ್ಮ ಕನ್ನಡದ ಹೆಸರನ್ನು ತೋರಿಸಿತು, ಅನಂತರ ಕ್ಷಮೆ ಕೇಳಿತು.

ಇಲ್ಲಿ ಒಂದು ಗಂಭೀರವಾದ ಆಕ್ಷೇಪಣೆಯನ್ನು ಎದುರಿಸಬೇಕು. ಅದನ್ನು ಎತ್ತುವವರು ನಮ್ಮೊಳಗಿನ ಸಜ್ಜನರೇ. ಮಾಯೆ ಎಂಬುದು ನಾಲ್ಕು ಕಷಾಯಗಳಲ್ಲಿ ಒಂದು, ಉತ್ತಮ ಆರ್ಜವವು ದಶಧರ್ಮಗಳಲ್ಲಿ ಒಂದು. ಒಳಗೊಂದು ಹೊರಗೊಂದು ಇಲ್ಲದವನಿಗೆ ಮುಚ್ಚಿಡಬೇಕಾದುದೇನು, ತಪ್ಪು ಮಾಡದವನು ಏಕೆ ಹೆದರಬೇಕು, ಎಂದು ಅವರು ಕೇಳುತ್ತಾರೆ. ಈ ವಾದ ಕೇಳಲು ಚೆನ್ನಾಗಿದೆ. ಆದರೆ ಅದು ಎರಡು ಬೇರೆ ಬೇರೆ ವಿಷಯಗಳನ್ನು ಒಂದೇ ಚೀಲದಲ್ಲಿ ತುಂಬುತ್ತದೆ. ಮಾಯೆಯೆಂದರೆ ಇನ್ನೊಬ್ಬನನ್ನು ವಂಚಿಸಲು ನಿಜವನ್ನು ತಿರುಚುವುದು. ಎದೆಯ ಗಂಟಿನ ವಿಷಯವನ್ನು ಊರಿಗೆ ಹೇಳದ ತಾಯಿ ಯಾರನ್ನು ವಂಚಿಸಿದಳು? ಆಕೆ ಮಾಡಿದುದಕ್ಕೆ ಬೇರೊಂದು ಪದವುಂಟು, ಗುಪ್ತಿ. ಮನೋಗುಪ್ತಿ, ವಚನಗುಪ್ತಿ, ಕಾಯಗುಪ್ತಿ ಎನ್ನುವಾಗ ಆ ಪದದ ಮೂಲದಲ್ಲಿರುವ ಅರ್ಥ ರಕ್ಷಣೆ. ಯೋಗಗಳನ್ನು ನಿಗ್ರಹಿಸುವ ಮುನಿಗಳ ಗುಪ್ತಿಗೂ ಗೃಹಸ್ಥರ ಈ ಎಚ್ಚರಿಕೆಗೂ ಬಹಳ ಅಂತರವಿದೆ, ನಿಜ. ಆದರೆ ಮಾತು ಯಾರಿಗೆ, ಯಾವಾಗ, ಎಷ್ಟು ಎಂಬ ವಿವೇಕ ಎರಡಕ್ಕೂ ಸಮಾನವಾದದ್ದು.

ನಮ್ಮ ಪರಂಪರೆಯಲ್ಲಿ ಎಲ್ಲವನ್ನೂ ಬಿಚ್ಚಿ ಹೇಳುವ ಒಂದು ಸ್ಥಾನವೂ ಇದೆ ಎಂಬುದನ್ನು ಆಕ್ಷೇಪಿಸುವವರು ಮರೆಯಬಾರದು. ಅದು ಆಲೋಚನೆ. ಗುರುವಿನ ಮುಂದೆ ಕುಳಿತು ತನ್ನ ದೋಷಗಳನ್ನು ಯಾವುದನ್ನೂ ಬಿಡದೆ ನಿವೇದಿಸಿಕೊಳ್ಳುವುದು. ಹಾಗಾದರೆ ಕೇಳುವ ಗುರು ಹೇಗಿರಬೇಕು? ಶಿವಾರ್ಯರ 'ಭಗವತೀ ಆರಾಧನಾ' ಗ್ರಂಥ, ಅದರ ಗಾಹೆಗಳನ್ನು ಆಧರಿಸಿದ ಕಥೆಗಳೇ ಕನ್ನಡದ ವಡ್ಡಾರಾಧನೆಯಲ್ಲಿವೆ, ಆಲೋಚನೆಯನ್ನು ಕೇಳುವ ಆಚಾರ್ಯನಿಗೆ ಇರಬೇಕಾದ ಗುಣಗಳಲ್ಲಿ 'ಅಪರಿಸ್ರಾವಿ'ಯಾಗಿರುವುದನ್ನೂ ಸೇರಿಸುತ್ತದೆ. ಸ್ರವಿಸದವನು, ಸೋರದವನು ಎಂದರ್ಥ. ಕಾದ ಕಬ್ಬಿಣದ ಮೇಲೆ ಬಿದ್ದ ನೀರು ಹೇಗೆ ಅಲ್ಲಿಯೇ ಇಂಗಿಹೋಗುವುದೋ ಹಾಗೆ ಶಿಷ್ಯನ ಮಾತು ಅವನಲ್ಲಿಯೇ ಇಂಗಬೇಕು. ಸೋರುವ ಆಚಾರ್ಯನ ಮುಂದೆ ಯಾರೂ ಮನಸ್ಸು ಬಿಚ್ಚುವುದಿಲ್ಲ, ಮನಸ್ಸು ಬಿಚ್ಚದಿದ್ದರೆ ಶುದ್ಧಿಯೂ ಇಲ್ಲ. ಅಂದರೆ ಗೌಪ್ಯವು ಆರ್ಜವಕ್ಕೆ ಶತ್ರುವಾಗುವುದರ ಬದಲು ಅದಕ್ಕೆ ಆಧಾರವಾಗಿ ನಿಂತಿದೆ. ವೈದ್ಯರು, ವಕೀಲರು ನಮ್ಮ ಗುಟ್ಟನ್ನು ಹೊರಗೆಡಹಬಾರದೆಂಬ ನಿಯಮದ ಹಿಂದಿರುವುದೂ ಇದೇ ಯುಕ್ತಿ. ನಡುರಾತ್ರಿಯಲ್ಲಿ ನಾವು ಶೋಧಪೆಟ್ಟಿಗೆಯ ಮುಂದೆ ಮಾಡುವುದು ಬಹುಪಾಲು ಆಲೋಚನೆಯೇ. ಆದರೆ ಎದುರಿಗಿರುವ ಕಿವಿ ಅಪರಿಸ್ರಾವಿಯಲ್ಲ. ಅದರ ಜೀವನೋಪಾಯವೇ ಆ ಮಾತುಗಳ ಮೇಲೆ ನಿಂತಿದೆ.

ಈ ವಿಷಯದಲ್ಲಿ ಕರ್ನಾಟಕಕ್ಕೆ ಒಂದು ಪ್ರತ್ಯೇಕವಾದ ಸ್ಥಾನವಿದೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೊರೆಹೋದಾಗ ಅವರಿಗೆ 86 ವರ್ಷ. ಖಾಸಗಿತನವು ಸಂವಿಧಾನದತ್ತವಾದ ಮೂಲಭೂತ ಹಕ್ಕು ಎಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಹೇಳಿದ್ದು ಆ ಪ್ರಕರಣದಲ್ಲಿಯೇ. ಅವರು 2024ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಈ ತೀರ್ಪು ಎಲ್ಲರಿಗೂ ತಿಳಿದಿದೆ. ಅದಕ್ಕೂ ಏಳು ತಿಂಗಳು ಮೊದಲು, 2017ರ ಜನವರಿಯಲ್ಲಿ, ಬೆಂಗಳೂರಿನಲ್ಲಿ ಹೊರಬಿದ್ದ ಸಣ್ಣ ಆದೇಶವೊಂದು ಅಷ್ಟಾಗಿ ಪ್ರಚಾರಕ್ಕೆ ಬರಲಿಲ್ಲ. ನಮ್ಮ ಪ್ರಶ್ನೆಗೆ ಅದೇ ಹೆಚ್ಚು ಹತ್ತಿರದ್ದು.

ಒಬ್ಬ ತಂದೆ ಉಚ್ಚ ನ್ಯಾಯಾಲಯಕ್ಕೆ ಅರ್ಜಿ ಹಾಕಿದರು. ಅವರ ಮಗಳು ಹಿಂದೊಮ್ಮೆ ಒಬ್ಬ ವ್ಯಕ್ತಿಯ ಮೇಲೆ ದೂರು ಕೊಟ್ಟಿದ್ದಳು. ಅನಂತರ ರಾಜಿಯಾಗಿ ಮೊಕದ್ದಮೆ ರದ್ದಾಗಿತ್ತು. ಆದರೆ ಆಕೆಯ ಹೆಸರು ಆದೇಶದಲ್ಲಿ ಉಳಿದಿತ್ತು. ಯಾರಾದರೂ ಅಂತರಜಾಲದಲ್ಲಿ ಆ ಹೆಸರನ್ನು ಹುಡುಕಿದರೆ ಆ ಆದೇಶ ಕಾಣಿಸಿಕೊಂಡು ಆಕೆಯ ಸಂಸಾರಕ್ಕೂ ಗೌರವಕ್ಕೂ ಧಕ್ಕೆಯಾದೀತೆಂಬುದು ತಂದೆಯ ಭಯ. ನ್ಯಾಯಮೂರ್ತಿ ಆನಂದ ಬೈರಾರೆಡ್ಡಿಯವರು ಆ ಭಯವನ್ನು ಮನ್ನಿಸಿದರು. ಸಾರ್ವಜನಿಕ ಶೋಧದಲ್ಲಿ ಆ ಹೆಸರು ಸಿಗದಂತೆ ನೋಡಿಕೊಳ್ಳಲು ಪ್ರಯತ್ನಿಸಬೇಕೆಂದು ರಿಜಿಸ್ಟ್ರಿಗೆ ನಿರ್ದೇಶನವಿತ್ತರು. ಅದೇ ಉಸಿರಿನಲ್ಲಿ, ನ್ಯಾಯಾಲಯದ ಸ್ವಂತ ಜಾಲತಾಣದಲ್ಲಿಯೂ ಆದೇಶದ ದೃಢೀಕೃತ ಪ್ರತಿಯಲ್ಲಿಯೂ ಹೆಸರು ಹಾಗೆಯೇ ಇರತಕ್ಕದ್ದೆಂದೂ ಸ್ಪಷ್ಟಪಡಿಸಿದರು. ಐರೋಪ್ಯ ಒಕ್ಕೂಟದ ನ್ಯಾಯಾಲಯವು 2014ರ ಮೇ ತಿಂಗಳಲ್ಲಿ ಸ್ಪೇನ್ ದೇಶದ ಪ್ರಕರಣವೊಂದರಲ್ಲಿ ಮಾನ್ಯಮಾಡಿದ ಮರೆಸುವ ಹಕ್ಕು ಕನ್ನಡ ನಾಡಿನ ಒಂದು ಮನೆಯನ್ನು ತಲುಪಿದ ಬಗೆ ಇದು.

ಈ ಆದೇಶದ ಸೂಕ್ಷ್ಮವನ್ನು ಗಮನಿಸಬೇಕು. ಇಲ್ಲಿ ಯಾವ ಸತ್ಯವೂ ಅಳಿದುಹೋಗಲಿಲ್ಲ. ದಾಖಲೆ ತನ್ನ ಜಾಗದಲ್ಲಿದೆ. ಕಾರಣವುಳ್ಳವರು ಹೋಗಿ ನೋಡಬಹುದು. ಕಾರಣವಿಲ್ಲದವರ ಕುತೂಹಲಕ್ಕೆ ಮಾತ್ರ ಬಾಗಿಲು ಹಾಕಿತು. ಸತ್ಯವನ್ನು ಕಾಪಾಡುವುದು ಬೇರೆ, ಡಂಗುರ ಸಾರುವುದು ಬೇರೆ ಎಂಬ ಭೇದವನ್ನು ನ್ಯಾಯಾಲಯ ಮಾಡಿತು. ರಹೋಭ್ಯಾಖ್ಯಾನವನ್ನು ದೋಷವೆಂದವರು ಮಾಡಿದ್ದೂ ಅದೇ ಭೇದ. ಆದರೆ ಇದನ್ನು ಎಲ್ಲರ ಕೈಗೂ ಕೊಡುವಂತಿಲ್ಲ. ಟ್ರಸ್ಟಿನ ಹಣವನ್ನು ನುಂಗಿ ಸಿಕ್ಕಿಬಿದ್ದ ಖಜಾಂಚಿಯೊಬ್ಬ ತನ್ನ ಹೆಸರನ್ನೂ ಶೋಧದಿಂದ ತೆಗೆಯಿರೆಂದು ಕೇಳಿದರೆ, ಅದು ಮಾಯೆಯೇ ಹೊರತು ಗುಪ್ತಿಯಲ್ಲ. ಸಾರ್ವಜನಿಕ ದ್ರವ್ಯದ ಲೆಕ್ಕ ಯಾರ ಏಕಾಂತವೂ ಅಲ್ಲ.

ಇನ್ನು ಬಳಸುವವರು ಮಾಡಿಕೊಳ್ಳಬಹುದಾದ ರಕ್ಷಣೆಯ ವಿಚಾರ. 'ಇನ್‌ಕಾಗ್ನಿಟೊ' ಎಂಬ ಕಿಟಕಿಯನ್ನು ತೆರೆದುಕೊಂಡರೆ ಯಾರಿಗೂ ಏನೂ ತಿಳಿಯದೆಂಬ ನಂಬಿಕೆ ವಿದ್ಯಾವಂತರಲ್ಲಿಯೂ ಇದೆ. ಅದು ನಮ್ಮ ಮೊಬೈಲ್‌ನಲ್ಲಿ ಇತಿಹಾಸವನ್ನು ಉಳಿಸುವುದಿಲ್ಲ, ಅಷ್ಟೇ. ಮನೆಯವರ ಕಣ್ಣಿಗೆ ಮರೆ, ಹೊರಗಿನವರಿಗಲ್ಲ. ಈ ವಿಷಯವಾಗಿಯೇ ಅಮೆರಿಕದಲ್ಲಿ 2020ರಲ್ಲಿ ಗೂಗಲ್ ಮೇಲೆ ದಾವೆ ಹೂಡಲಾಯಿತು; 2024ರಲ್ಲಿ ರಾಜಿಯಾಗಿ, ಕೋಟಿಗಟ್ಟಲೆ ದಾಖಲೆಗಳನ್ನು ನಾಶಪಡಿಸಲು ಆ ಸಂಸ್ಥೆ ಒಪ್ಪಿಕೊಂಡಿತು. ಆದುದರಿಂದ ಖಾತೆಯಿಂದ ಹೊರಬಂದು ಹುಡುಕುವುದು, ಖಾತೆಯ ಚಟುವಟಿಕೆಯ ಪುಟದಲ್ಲಿ ಶೋಧವನ್ನು ಉಳಿಸದಂತೆ ನಿಲ್ಲಿಸುವುದು, ಹಿಂದಿನದನ್ನು ಅಳಿಸುವುದು, ಸ್ಥಳ ತಿಳಿಸುವ ಸೌಲಭ್ಯವನ್ನು ಬೇಡದಾಗ ಮುಚ್ಚುವುದು ಇವು ಹತ್ತು ನಿಮಿಷದ ಕೆಲಸ. 2020ರಿಂದೀಚೆಗೆ ಹೊಸ ಗೂಗಲ್ ಖಾತೆಗಳಲ್ಲಿ 18 ತಿಂಗಳು ಕಳೆದ ಶೋಧಗಳು ತಾವಾಗಿ ಅಳಿಯುವ ಏರ್ಪಾಡಿದೆ. ಹಳೆಯ ಖಾತೆಯವರು ತಾವೇ ಅದನ್ನು ಹೊಂದಿಸಿಕೊಳ್ಳಬೇಕು. ಶೋಧಗಳನ್ನು ವ್ಯಕ್ತಿಯ ಹೆಸರಿಗೆ ಕಟ್ಟಿಡುವುದಿಲ್ಲವೆಂಬ ವಾಗ್ದಾನದ ಮೇಲೆ 2008ರಿಂದ ನಡೆಯುತ್ತಿರುವ ಡಕ್‌ಡಕ್‌ಗೋ ಎಂಬ ಶೋಧಯಂತ್ರವೂ ಉಂಟು. ನನ್ನ ಅನುಭವದಲ್ಲಿ ಕನ್ನಡದ ಫಲಿತಾಂಶ ಸ್ವಲ್ಪ ಕಡಿಮೆ, ಆದರೆ ಕಾಯಿಲೆಯಂತಹ ವಿಷಯಕ್ಕೆ ಸಾಕು. ಮನೆಯ ಮಕ್ಕಳಲ್ಲಿ ಯಾರಿಗಾದರೂ ಹೇಳಿದರೆ ಮಾಡಿಕೊಡುತ್ತಾರೆ. ಎದೆಯ ಗಂಟಿನ ತಾಯಿಗೆ ಇವೆಲ್ಲಕ್ಕಿಂತ ಮೊದಲು ಬೇಕಾದುದು ವೈದ್ಯರ ಪರೀಕ್ಷೆ, ಅದು ಬೇರೆ ಮಾತು.

ನಮ್ಮ ಗುಟ್ಟನ್ನು ಕಾಯುವ ಉತ್ಸಾಹದಲ್ಲಿ ಇನ್ನೊಂದು ಮುಖವನ್ನು ಮರೆಯುವಂತಿಲ್ಲ. ವ್ರತವನ್ನು ಹೇಳಿದ್ದು ನಮ್ಮ ನಾಲಗೆಗೆ, ನಮ್ಮ ಕೈಬೆರಳಿಗೆ. ಹೆಣ್ಣುಗಂಡಿನ ಸಂಬಂಧ ಬಂದಾಗ ಆ ಮನೆಯವರ ಹೆಸರನ್ನು ಹುಡುಕಿ, ಹಳೆಯ ಚಿತ್ರ, ಹಳೆಯ ಜಗಳ, ಹಳೆಯ ಕೋರ್ಟು ಕಾಗದಗಳನ್ನು ಹೊರತೆಗೆಯುವುದು ಈಗ ಸಹಜ ರೂಢಿಯಾಗಿದೆ. ಹುಡುಗನ ಓದು, ಉದ್ಯೋಗ ನಿಜವೇ ಎಂದು ವಿಚಾರಿಸುವುದು ಹೆತ್ತವರ ಕರ್ತವ್ಯ, ಅದರಲ್ಲಿ ತಪ್ಪಿಲ್ಲ. ಆದರೆ ಸಂಬಂಧ ಬೇಡವೆಂದಾದ ಮೇಲೂ ಸಿಕ್ಕಿದ್ದನ್ನು ನಾಲ್ಕು ವಾಟ್ಸಾಪ್ ಗುಂಪುಗಳಿಗೆ ಕಳುಹಿಸುವುದಕ್ಕೆ ಯಾವ ಕರ್ತವ್ಯದ ಹೆಸರಿದೆ? ಪೂಜ್ಯಪಾದರು ಅಸೂಯೆಯ ಮಾತನ್ನು ಎತ್ತಿದ್ದು ಸುಮ್ಮನೆ ಅಲ್ಲ.

ಬಸದಿಗಳ ಟ್ರಸ್ಟುಗಳಿಗೆ ಸಂಬಂಧಿಸಿದುದು ಸತ್ಯಾಣುವ್ರತದ ಮತ್ತೊಂದು ಅತಿಚಾರ, ನ್ಯಾಸಾಪಹಾರ. ಇಟ್ಟುಕೊಳ್ಳಲು ಕೊಟ್ಟ ಒತ್ತೆಯಲ್ಲಿ ಕೊಟ್ಟವರಿಗೆ ಅನ್ಯಾಯವಾಗುವಂತೆ ನಡೆದುಕೊಳ್ಳುವುದು. ಅದು ಹಣಕ್ಕೆ ಹೇಳಿದ್ದಾದರೂ, ಪೂಜೆಯ ರಸೀದಿಗೆಂದು ಭಕ್ತರು ಕೊಡುವ ಹೆಸರು, ದೂರವಾಣಿ, ಜನ್ಮದಿನ, ಪ್ಯಾನ್ ಸಂಖ್ಯೆ ಇವೂ ಒತ್ತೆಯೇ. ಕಾರಣ ಹೇಳಿ ಪಡೆದದ್ದನ್ನು ಆ ಕಾರಣಕ್ಕೇ ಬಳಸಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮದ ತಿರುಳೂ ಇದೇ. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಗೆ ಬರುತ್ತಿವೆ. ಧರ್ಮಸಂಸ್ಥೆ ಎಂಬ ಕಾರಣಕ್ಕೆ ನಮಗೆ ಅನ್ವಯಿಸದೆಂದು ಧರ್ಮದರ್ಶಿಗಳು ನಿಶ್ಚಿಂತರಾಗಿರುವುದು ತರವಲ್ಲ. ದಾನಿಯ ಹೆಸರು ಅಮೃತಶಿಲೆಯ ಫಲಕದಲ್ಲಿರುವುದು ಅವರ ಇಚ್ಛೆಯಿಂದ. ಆ ಫಲಕವನ್ನು ಬಸದಿಗೆ ಬಂದವರು ಓದುತ್ತಾರೆ. ಅದೇ ದಾನಿಯ ದೂರವಾಣಿ ಸಂಖ್ಯೆ ಅಂತರಜಾಲದ ಪಟ್ಟಿಯಲ್ಲಿದ್ದರೆ ಓದುವವರು ಯಾರು? ವಯಸ್ಸಾದವರಿಗೆ ಬ್ಯಾಂಕಿನವರೆಂದು ಹೇಳಿಕೊಂಡು ಕರೆ ಮಾಡುವ ವಂಚಕರು ಸಹ ಓದುತ್ತಾರೆ.

ಸಮಾಜದ ವಧೂವರರ ಪಟ್ಟಿಗಳನ್ನಂತೂ ಕೂಡಲೇ ಪರಿಶೀಲಿಸಬೇಕಾಗಿದೆ. ಮೊದಲು ಇವು ಪುಸ್ತಿಕೆಯಾಗಿ ಬರುತ್ತಿದ್ದವು, ವರ್ಷ ಕಳೆದರೆ ರದ್ದಿಗೆ ಹೋಗುತ್ತಿದ್ದವು. ಈಗ ಭಾವಚಿತ್ರ, ನಕ್ಷತ್ರ, ಎತ್ತರ, ಸಂಬಳ, ತಂದೆಯ ದೂರವಾಣಿ ಸಂಖ್ಯೆಯೊಡನೆ ಜಾಲತಾಣದಲ್ಲಿ ಏರಿಸುತ್ತಾರೆ, ಇಳಿಸುವವರಿಲ್ಲ. ಮದುವೆಯಾಗಿ ಎರಡು ಮಕ್ಕಳ ತಾಯಿಯಾದವಳ ಹೆಸರನ್ನು ಹುಡುಕಿದರೂ 'ವರ ಬೇಕಾಗಿದೆ' ಎಂಬ ಶೀರ್ಷಿಕೆಯ ಕೆಳಗೆ ಆಕೆಯ ಚಿತ್ರ ಸಿಗುವ ಸಂಭವವಿದೆ. ಪಟ್ಟಿಯನ್ನು ಹಾಕಿದ ಸಮಿತಿಯ ಕಾರ್ಯದರ್ಶಿಗಳಿಗೆ ಮನೆಯವರು ಒಂದು ಪತ್ರ ಬರೆದರೆ ಅದನ್ನು ತೆಗೆಸಬಹುದು. ಪತ್ರ ಬರುವವರೆಗೆ ಕಾಯದೆ, ವರ್ಷಕ್ಕೊಮ್ಮೆ ಮಹಾವೀರ ಜಯಂತಿಯ ಹೊತ್ತಿಗೆ ಸಮಿತಿಯವರೇ ಹಳೆಯ ಪಟ್ಟಿಯನ್ನು ಇಳಿಸುವ ಠರಾವು ಮಾಡಿಕೊಂಡರೆ ಇನ್ನೂ ಅನುಕೂಲ.